ಸ್ವಂತ ಕೈಯಿಂದ ಕಟ್ಟಿದ ವಿಮಾನ, ವಾರದ ರಜೆಯ ಹಾರಾಟ: ಓದುಗರ ಪ್ರಶ್ನೆಗಳಿಗೆ ಉತ್ತರ

ಒಂದು ಅಥವಾ ಎರಡು ಆಸನಗಳ ಪುಟ್ಟ ವಿಮಾನವನ್ನು ಸ್ವತಃ ಕಟ್ಟಿ, ರಜೆಯ ದಿನಗಳಲ್ಲಿ ಅದನ್ನು ಹಾರಿಸುವ ಹವ್ಯಾಸದ ಕುರಿತು ಓದುಗರು ಕೇಳಿದ ಪ್ರಶ್ನೆಗಳಲ್ಲಿ ಕೆಲವನ್ನು ಈ ಸಲ ಎತ್ತಿಕೊಂಡಿದ್ದೇವೆ. ನೋಂದಣಿ, ಲೈಸೆನ್ಸ್ ಮತ್ತು ತಪಾಸಣೆಯ ನಿಯಮಗಳು ದೇಶದಿಂದ ದೇಶಕ್ಕೆ ಬೇರೆಯಾಗಿರುವುದರಿಂದ, ಆ ವಿವರಗಳನ್ನು ಆಯಾ ದೇಶದ ವಿಮಾನಯಾನ ಪ್ರಾಧಿಕಾರದಿಂದಲೇ ತಿಳಿದುಕೊಳ್ಳಬೇಕು.

ಪ್ರಶ್ನೆ: ನಾನು ಎಂಜಿನಿಯರಿಂಗ್ ಓದಿದವನಲ್ಲ. ಮರಗೆಲಸವೂ ಲೋಹದ ಕೆಲಸವೂ ತಕ್ಕಮಟ್ಟಿಗೆ ಬರುತ್ತವೆ. ನಿಜವಾಗಿಯೂ ಹಾರಬಲ್ಲ ವಿಮಾನವನ್ನು ನನ್ನಂಥವನು ಕಟ್ಟಬಹುದೇ?

ಉತ್ತರ: ಕಟ್ಟಬಹುದು. ಹಾಗೆ ಕಟ್ಟಿದವರು ಪ್ರಪಂಚದಲ್ಲಿ ಸಾವಿರಾರು ಮಂದಿ ಇದ್ದಾರೆ, ಅವರಲ್ಲಿ ಬಹಳಷ್ಟು ಜನ ನಿಮ್ಮ ಹಾಗೆಯೇ ಬೇರೆ ವೃತ್ತಿಯವರು. ಆದರೆ ಕಟ್ಟುವುದು ಮತ್ತು ವಿನ್ಯಾಸ ಮಾಡುವುದು ಎರಡು ಬೇರೆ ಕೆಲಸಗಳು. ಮೊದಲನೆಯದನ್ನು ತಾಳ್ಮೆಯಿಂದ ಕಲಿಯಬಹುದು. ಎರಡನೆಯದಕ್ಕೆ ಕೈಹಾಕುವ ಮುನ್ನ ಹಳೆಯ ಒಂದು ಪ್ರಸಂಗವನ್ನು ನೆನೆಯುವುದು ಒಳ್ಳೆಯದು. ಫ್ರಾನ್ಸಿನ ಆನ್ರಿ ಮಿನ್ಯೆ 1933ರಲ್ಲಿ ಹಾರಿಸಿದ ಎಚ್‌ಎಂ-14 ಎಂಬ ಪುಟ್ಟ ವಿಮಾನ, ಸಾಮಾನ್ಯ ಮರಗೆಲಸ ಬಲ್ಲ ಯಾರು ಬೇಕಾದರೂ ಕಟ್ಟಬಹುದಾದಷ್ಟು ಸರಳವಾಗಿತ್ತು, ಯುರೋಪಿನಲ್ಲಿ ಅನೇಕರು ಉತ್ಸಾಹದಿಂದ ಕಟ್ಟಿಯೂ ಕಟ್ಟಿದರು. ಒಂದರ ಹಿಂದೊಂದು ಇದ್ದ ಅದರ ಎರಡು ರೆಕ್ಕೆಗಳ ನಡುವಿನ ಗಾಳಿಯ ಹರಿವಿನಿಂದಾಗಿ, ಮೂಗು ಒಂದು ಮಿತಿಗಿಂತ ಕೆಳಕ್ಕೆ ಬಾಗಿದರೆ ಅದನ್ನು ಮೇಲೆತ್ತಲು ಸಾಧ್ಯವಾಗುತ್ತಿರಲಿಲ್ಲ. ಸಾವುಗಳು ಸಂಭವಿಸಿದ ಮೇಲೆ, 1936ರಲ್ಲಿ ಗಾಳಿಸುರಂಗದಲ್ಲಿ ಪರೀಕ್ಷೆ ನಡೆಸಿದಾಗ ದೋಷ ಬಯಲಾಯಿತು. ಸತ್ತವರ ಮರಗೆಲಸ ಎಷ್ಟೇ ಅಚ್ಚುಕಟ್ಟಾಗಿದ್ದರೂ ಆ ದೋಷದಿಂದ ಅವರನ್ನು ಕಾಪಾಡುವಂತಿರಲಿಲ್ಲ. ಆದ್ದರಿಂದ ನಿಮ್ಮ ಮೊದಲ ವಿಮಾನಕ್ಕೆ, ಈಗಾಗಲೇ ನೂರಾರು ಸಂಖ್ಯೆಯಲ್ಲಿ ಹಾರಿ, ವರ್ಷಗಟ್ಟಲೆ ಒಳಿತು ಕೆಡುಕುಗಳು ದಾಖಲಾಗಿರುವ ವಿನ್ಯಾಸವನ್ನೇ ಆರಿಸಿಕೊಳ್ಳಿ. ಅಮೆರಿಕದ ರಿಚರ್ಡ್ ವ್ಯಾನ್‌ಗ್ರುನ್ಸ್‌ವೆನ್ ಅವರು ರೂಪಿಸಿದ ಆರ್‌ವಿ ಸರಣಿಯ ವಿಮಾನಗಳು ಹತ್ತು ಸಾವಿರಕ್ಕೂ ಹೆಚ್ಚು ಸಂಖ್ಯೆಯಲ್ಲಿ ಪೂರ್ಣಗೊಂಡು ಹಾರಿವೆ. ಅಂಥ ವಿನ್ಯಾಸದಲ್ಲಿ ನಿಮಗೆ ಎದುರಾಗುವ ತೊಡಕು ಈ ಮೊದಲೇ ಯಾರಿಗಾದರೂ ಎದುರಾಗಿಯೇ ಇರುತ್ತದೆ.

ಬರಿಯ ನಕ್ಷೆಗಳನ್ನು ಕೊಂಡು ಎಲ್ಲವನ್ನೂ ನೀವೇ ತಯಾರಿಸುವುದು ಒಂದು ದಾರಿ, ಬಿಡಿಭಾಗಗಳ ಕಿಟ್ ತರಿಸಿ ಜೋಡಿಸುವುದು ಇನ್ನೊಂದು. ಕಿಟ್ ಆದರೂ ಸಾವಿರದಿಂದ ಎರಡು ಸಾವಿರ ಗಂಟೆಗಳ ಕೆಲಸವನ್ನು ಸಾಮಾನ್ಯವಾಗಿ ಬೇಡುತ್ತದೆ; ಅಂದರೆ ಸಂಜೆಗಳಲ್ಲಿ ಮತ್ತು ರಜೆಗಳಲ್ಲಿ ಮಾತ್ರ ಕೆಲಸ ಮಾಡುವವರಿಗೆ ಹಲವು ವರ್ಷಗಳು. ಮೊದಲು ಬಾಲದ ಭಾಗವನ್ನಷ್ಟೇ ತರಿಸಿ ಕಟ್ಟಿ ನೋಡುವ ರೂಢಿ ಬಹಳ ಒಳ್ಳೆಯದು. ತೂತು ಕೊರೆಯುವುದು, ಅದರ ಅಂಚಿನ ಒರಟನ್ನು ತೆಗೆಯುವುದು, ರಿವೆಟ್ ಹೊಡೆಯುವುದು ಮುಂತಾದ ಕೆಲಸಗಳನ್ನು ಮತ್ತೆ ಮತ್ತೆ ಮಾಡುವುದರಲ್ಲಿ ನಿಮಗೆ ಸಂತೋಷ ಸಿಗುತ್ತದೆಯೇ ಎಂಬುದು ಅಲ್ಲಿಯೇ ತಿಳಿದುಹೋಗುತ್ತದೆ. ಹಾರುವುದಷ್ಟೇ ಗುರಿಯಾಗಿದ್ದು ಕಟ್ಟುವ ಕೆಲಸ ಹೊರೆಯೆನಿಸುವವರು ಸಿದ್ಧ ವಿಮಾನವನ್ನು ಕೊಳ್ಳುವುದೇ ಸರಿ ಎಂದು ನನ್ನ ದೃಢವಾದ ಅಭಿಪ್ರಾಯ.

ಪ್ರಶ್ನೆ: ನಕ್ಷೆಯಲ್ಲಿ ಇರುವುದಕ್ಕಿಂತ ಅನುಕೂಲವಾಗಿ ಒಂದೆರಡು ಸಣ್ಣ ಬದಲಾವಣೆ ಮಾಡಿಕೊಳ್ಳಬೇಕೆಂದಿದ್ದೇನೆ. ರಚನೆಯನ್ನು ಮುಟ್ಟುವುದಿಲ್ಲ, ಪೈಪು, ಸ್ವಿಚ್ಚು ಇಂಥವುಗಳ ಜಾಗ ಮಾತ್ರ. ಇದರಲ್ಲಿ ಅಪಾಯವಿದೆಯೇ?

ಉತ್ತರ: ಇದೆ, ಮತ್ತು ನೀವು ಸಣ್ಣದೆಂದು ಹೇಳುವ ಜಾಗದಲ್ಲಿಯೇ ಇದೆ. ಗಾಯಕ ಜಾನ್ ಡೆನ್ವರ್ 1997ರ ಅಕ್ಟೋಬರ್ 12ರಂದು ಕ್ಯಾಲಿಫೋರ್ನಿಯಾದ ಮಾಂಟೆರೆ ಕೊಲ್ಲಿಯಲ್ಲಿ ತೀರಿಕೊಂಡದ್ದು ಹವ್ಯಾಸಿಯೊಬ್ಬರು ಕಟ್ಟಿದ ಲಾಂಗ್-ಈಝೀ ವಿಮಾನದಲ್ಲಿ. ಬರ್ಟ್ ರುಟಾನ್ ಅವರ ಮೂಲ ವಿನ್ಯಾಸದಲ್ಲಿ ಒಂದು ಟ್ಯಾಂಕಿನಿಂದ ಇನ್ನೊಂದಕ್ಕೆ ಇಂಧನವನ್ನು ಬದಲಿಸುವ ಹಿಡಿ ಪೈಲಟ್‌ನ ಕಾಲುಗಳ ನಡುವೆ ಇರುತ್ತದೆ. ಆ ವಿಮಾನದಲ್ಲಿ ಮಾತ್ರ ಅದು ಪೈಲಟ್‌ನ ಎಡ ಭುಜದ ಹಿಂದಿನ ಗೋಡೆಯ ಮೇಲಿತ್ತು, ಅದರ ಮೇಲೆ ಗುರುತುಗಳೂ ಇರಲಿಲ್ಲ. ಅದನ್ನು ತಿರುಗಿಸಬೇಕಾದರೆ ನಿಯಂತ್ರಣದ ಕಡ್ಡಿಯಿಂದ ಬಲಗೈ ತೆಗೆದು, ಇಡೀ ಮೈಯನ್ನು ಎಡಕ್ಕೆ ಹೊರಳಿಸಬೇಕಿತ್ತು. ಹಾಗೆ ಹೊರಳುವಾಗ ಬಲಗಾಲು ತಾನಾಗಿ, ಮೂಗನ್ನು ಎಡ ಬಲಕ್ಕೆ ತಿರುಗಿಸುವ ರಡ್ಡರ್‌ನ ಪೆಡಲ್ಲನ್ನು ಒತ್ತುತ್ತಿತ್ತು. ಹಿಡಿಯನ್ನು ತಿರುಗಿಸಲು ಯತ್ನಿಸುವಾಗ ಗಮನ ಬೇರೆಡೆಗೆ ಹೋಗಿ, ಅರಿವಿಲ್ಲದೆ ಬಲ ರಡ್ಡರ್ ಒತ್ತಲ್ಪಟ್ಟು ವಿಮಾನ ಹತೋಟಿ ತಪ್ಪಿತೆಂದು ಅಮೆರಿಕದ ಅಪಘಾತ ತನಿಖಾ ಮಂಡಳಿ ನಿರ್ಣಯಿಸಿತು. ಹೊರಡುವ ಮುನ್ನ ಇಂಧನ ತುಂಬಿಸದಿದ್ದುದು, ಹೊಸದಾಗಿ ಕೊಂಡ ಆ ವಿಮಾನದಲ್ಲಿ ಸಾಕಷ್ಟು ತರಬೇತಿ ಪಡೆಯದಿದ್ದುದು ಕೂಡ ಕಾರಣಗಳ ಪಟ್ಟಿಯಲ್ಲಿ ಸೇರಿದವು.

ಆ ಹಿಡಿಯ ಜಾಗ ಬದಲಿಸಿ ಕಟ್ಟಿದವರಿಗೂ ಅವರದೇ ಆದ ತರ್ಕವಿತ್ತು: ಕುಳಿತುಕೊಳ್ಳುವ ಕಡೆ ಇಂಧನದ ಪೈಪುಗಳು ಬೇಡವೆಂದು ಅವರು ಎಣಿಸಿದ್ದರು. ಅಪಾಯಕರವಾದ ಬದಲಾವಣೆಗಳು ಸಾಮಾನ್ಯವಾಗಿ ಇಂಥ ಒಳ್ಳೆಯ ಉದ್ದೇಶದಿಂದಲೇ ಹುಟ್ಟುತ್ತವೆ. ನೀವು ಏನನ್ನೇ ಸರಿಸಿದರೂ, ಬೆಲ್ಟ್ ಬಿಗಿದುಕೊಂಡು ಕುಳಿತು, ಕಣ್ಣು ಮುಚ್ಚಿ, ಒಂದು ಕೈ ನಿಯಂತ್ರಣದ ಮೇಲಿರುವಾಗ ಇನ್ನೊಂದು ಕೈಗೆ ಅದು ಸಿಗುತ್ತದೆಯೇ ಎಂದು ಪರೀಕ್ಷಿಸಿ, ಬದಲಾವಣೆಯನ್ನು ವಿನ್ಯಾಸಕಾರರಿಗೆ ಬರೆದು ಕೇಳಿ. ಕಟ್ಟಿದವರಿಂದ ವಿಮಾನ ಕೊಳ್ಳಬೇಕೆಂದಿರುವ ಓದುಗರಿಗೂ ಇದೇ ಮಾತು ಅನ್ವಯಿಸುತ್ತದೆ: ಒಂದೇ ಹೆಸರಿನ ಎರಡು ಸ್ವನಿರ್ಮಿತ ವಿಮಾನಗಳು ಒಂದೇ ವಿಮಾನವೆಂದು ನಂಬಬೇಡಿ.

ಪ್ರಶ್ನೆ: ಆರು ವರ್ಷ ಶ್ರಮಪಟ್ಟು ಕಟ್ಟಿದ್ದೇನೆ. ಮೊದಲ ಹಾರಾಟವನ್ನು ನಾನೇ ಮಾಡಬೇಕೆಂಬುದು ನನ್ನ ಆಸೆ. ಗೆಳೆಯರು ಬೇಡವೆನ್ನುತ್ತಾರೆ.

ಉತ್ತರ: ನಿಮ್ಮ ಆಸೆ ಸಹಜವಾದದ್ದು, ಗೆಳೆಯರ ಆತಂಕವೂ ಅಷ್ಟೇ ಸಹಜವಾದದ್ದು. ಈ ಆರು ವರ್ಷಗಳಲ್ಲಿ ನೀವು ಎಷ್ಟು ಗಂಟೆ ಹಾರಿದ್ದೀರಿ ಎಂಬ ಒಂದು ಪ್ರಶ್ನೆಗೆ ಸಿಗುವ ಉತ್ತರ ಈ ಜಗಳವನ್ನು ಬಗೆಹರಿಸುತ್ತದೆ. ಬಿಡುವಿನ ಹೊತ್ತನ್ನೂ ಹಣವನ್ನೂ ವಿಮಾನವೇ ನುಂಗಿದ್ದರಿಂದ ಹಾರುವುದನ್ನೇ ಬಿಟ್ಟವರು ಬಹಳ ಮಂದಿ. ಪ್ರತಿಯೊಂದು ರಿವೆಟ್‌ನ ಪರಿಚಯವಿರುವ ಅವರ ಕೈಗಳಿಗೆ ಇಳಿಯುವ ವೇಗದ ಪರಿಚಯ ಮಾಸಿಹೋಗಿರುತ್ತದೆ. ಅಂಥವರು ಅದೇ ಮಾದರಿಯ ಇನ್ನೊಂದು ವಿಮಾನದಲ್ಲಿ, ಆ ಮಾದರಿಯನ್ನು ಬಲ್ಲ ಶಿಕ್ಷಕರೊಂದಿಗೆ ಕೈ ಪಳಗುವವರೆಗೆ ಹಾರಬೇಕು. ಇಲ್ಲವಾದರೆ ಮೊದಲ ಹಾರಾಟವನ್ನು ಅನುಭವಿಗೆ ಒಪ್ಪಿಸಬೇಕು. ಎರಡನೆಯ ಹಾರಾಟ ನಿಮ್ಮದಾದರೆ ವಿಮಾನವೇನೂ ಕಡಿಮೆ ನಿಮ್ಮದಾಗುವುದಿಲ್ಲ.

ನೆಲದ ಮೇಲೆ ಮಾಡಬೇಕಾದ ಕೆಲಸಗಳನ್ನು ಎಷ್ಟು ಒತ್ತಿ ಹೇಳಿದರೂ ಸಾಲದು. ವಿಮಾನವನ್ನು ತಕ್ಕಡಿಗಳ ಮೇಲೆ ನಿಲ್ಲಿಸಿ ತೂಗಿ, ಗುರುತ್ವ ಕೇಂದ್ರ ನಿಗದಿತ ಮಿತಿಯೊಳಗೆ ಇದೆಯೆಂದು ಲೆಕ್ಕಹಾಕಬೇಕು. ಅದು ಹಿಂದಕ್ಕೆ ಸರಿದಿದ್ದರೆ, ಸ್ಟಾಲ್ ಆದಾಗ, ಅಂದರೆ ರೆಕ್ಕೆಯ ಎತ್ತುವ ಶಕ್ತಿ ಹಠಾತ್ತನೆ ಕುಸಿದಾಗ, ಮೂಗನ್ನು ಕೆಳಗಿಳಿಸಲು ಎಲಿವೇಟರ್‌ಗೆ (ಮೂಗನ್ನು ಏರಿಳಿಸುವ ಫಲಕಕ್ಕೆ) ಶಕ್ತಿ ಸಾಲದೆ ಹೋಗಬಹುದು. ಕಡ್ಡಿಯನ್ನು ಎಡಕ್ಕೆ ಸರಿಸಿದಾಗ ಎಡ ರೆಕ್ಕೆಯ ಐಲೆರಾನ್ (ವಿಮಾನವನ್ನು ಓರೆ ಮಾಡುವ, ರೆಕ್ಕೆಯ ಹಿಂದಿನ ಅಂಚಿನ ಫಲಕ) ಮೇಲಕ್ಕೇ ಏಳುತ್ತದೆಯೇ ಎಂದು ಕಟ್ಟಿದವರಲ್ಲದ ಬೇರೆಯವರು ನೋಡಬೇಕು. ಮೂಗನ್ನು ಏರುವ ಕೋನಕ್ಕೆ ಎತ್ತಿ ನಿಲ್ಲಿಸಿ, ಇಂಧನದ ಪೈಪನ್ನು ಎಂಜಿನ್ನಿನ ಬಳಿ ಬಿಚ್ಚಿ, ನಿಮಿಷಕ್ಕೆ ಎಷ್ಟು ಹರಿಯುತ್ತದೆಂದು ಅಳೆಯಬೇಕು. ಪೂರ್ತಿ ಥ್ರಾಟಲ್‌ನಲ್ಲಿ ಎಂಜಿನ್ ಕುಡಿಯುವುದಕ್ಕಿಂತ, ಪಂಪ್ ಇದ್ದರೆ ಕಾಲುಭಾಗ ಹೆಚ್ಚು, ಗುರುತ್ವದಿಂದಲೇ ಹರಿಯುವುದಾದರೆ ಅರ್ಧದಷ್ಟು ಹೆಚ್ಚು ಹರಿಯಬೇಕೆಂಬುದು ರೂಢಿಯ ಅಳತೆ. ಅಮೆರಿಕದ ತನಿಖಾ ಮಂಡಳಿ 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸ್ವನಿರ್ಮಿತ ವಿಮಾನಗಳ ಅಪಘಾತಗಳಿಗೆ ಎಂಜಿನ್ ವೈಫಲ್ಯ ಮತ್ತು ಹಾರುವಾಗ ಹತೋಟಿ ತಪ್ಪುವುದು ಮುಖ್ಯ ಕಾರಣಗಳೆಂದು ಕಂಡುಬಂದಿತು. ಮೊದಲ ಹಂತದ ಪರೀಕ್ಷಾ ಹಾರಾಟಕ್ಕೆ ಅಲ್ಲಿ ಬಹುಕಾಲ 25 ಅಥವಾ 40 ಗಂಟೆ ನಿಗದಿಯಾಗಿದ್ದುದು ಇದೇ ಕಾರಣಕ್ಕೆ. ಆ ಗಂಟೆಗಳಲ್ಲಿ ಜೊತೆಗಾರರನ್ನು ಸುತ್ತಾಡಿಸುವ ಮಾತೇ ಇಲ್ಲ.

ಪ್ರಶ್ನೆ: ನೆಲ ಬಿಟ್ಟ ಕೂಡಲೇ ಎಂಜಿನ್ ನಿಂತರೆ ರನ್‌ವೇಗೆ ಹಿಂತಿರುಗಬಾರದೆಂದು ಏಕೆ ಹೇಳುತ್ತಾರೆ? ಅದು ಬೆನ್ನ ಹಿಂದೆಯೇ ಇರುತ್ತದಲ್ಲವೇ?

ಉತ್ತರ: ಬೆನ್ನ ಹಿಂದೆ ಇರುತ್ತದೆ, ಆದರೆ 180 ಡಿಗ್ರಿ ತಿರುಗಿದ ವಿಮಾನ ರನ್‌ವೇಯ ಮೇಲೆ ಬಂದು ನಿಲ್ಲುವುದಿಲ್ಲ, ಅದರ ಪಕ್ಕಕ್ಕೆ ಬರುತ್ತದೆ. ಅದರ ನೇರಕ್ಕೆ ಸೇರಬೇಕಾದರೆ ಇನ್ನೂ ಹೆಚ್ಚು ತಿರುಗಿ, ಮತ್ತೆ ಎದುರು ದಿಕ್ಕಿಗೆ ತಿರುಗಬೇಕು, ಅಷ್ಟು ಹೊತ್ತೂ ಎತ್ತರ ಕರಗುತ್ತಿರುತ್ತದೆ. ಬೇಗ ತಿರುಗಲೆಂದು ರೆಕ್ಕೆಯನ್ನು ಹೆಚ್ಚು ಓರೆ ಮಾಡಿದರೆ ಸ್ಟಾಲ್ ಆಗುವ ವೇಗವೂ ಏರುತ್ತದೆ. ನೇರ ಹಾರಾಟದಲ್ಲಿ ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ಸ್ಟಾಲ್ ಆಗುವ ವಿಮಾನ, ಎತ್ತರ ಕಾಯ್ದುಕೊಳ್ಳುತ್ತ 45 ಡಿಗ್ರಿ ಓರೆಯಾಗಿ ತಿರುಗಿದರೆ ಸುಮಾರು 95ರಲ್ಲಿ, 60 ಡಿಗ್ರಿ ಓರೆಯಲ್ಲಿ ಸುಮಾರು 113ರಲ್ಲಿ ಸ್ಟಾಲ್ ಆಗುತ್ತದೆ. ನೆಲ ಹತ್ತಿರ ಬರುತ್ತಿರುವುದನ್ನು ಕಂಡ ಪೈಲಟ್ ಕಡ್ಡಿಯನ್ನು ಹಿಂದಕ್ಕೆಳೆಯುತ್ತಾನೆ, ರಡ್ಡರ್‌ನಿಂದ ಮೂಗನ್ನು ಬೇಗ ತಿರುಗಿಸಲು ನೋಡುತ್ತಾನೆ. ಒಂದು ರೆಕ್ಕೆ ಕುಸಿದು ವಿಮಾನ ಸುತ್ತತೊಡಗುವುದು ಆಗಲೇ. ಅಷ್ಟು ತಗ್ಗಿನಲ್ಲಿ ಅದನ್ನು ಸರಿಪಡಿಸಲು ಎತ್ತರ ಸಾಲದು. ಸಾಲದ್ದಕ್ಕೆ, ಎದುರುಗಾಳಿಗೆ ಏರಿದ ನೀವು ಈಗ ಬೆನ್ನುಗಾಳಿಯಲ್ಲಿ ಇಳಿಯಬೇಕಾಗಿ ನೆಲದ ಮೇಲಿನ ವೇಗವೂ ಹೆಚ್ಚಿರುತ್ತದೆ.

ಆದ್ದರಿಂದ ಮೂಗನ್ನು ಕೂಡಲೇ ಕೆಳಗಿಳಿಸಿ, ಎಂಜಿನ್ ಇಲ್ಲದೆ ತೇಲಿಳಿಯುವ ವೇಗವನ್ನು ಹಿಡಿದು, ಎದುರಿನಲ್ಲಿ ಅಥವಾ ಸ್ವಲ್ಪ ಎಡ ಬಲಕ್ಕೆ ಸಿಗುವ ಬಯಲಿನಲ್ಲಿ ಇಳಿಯಬೇಕು. ಹತೋಟಿಯಲ್ಲಿರುವ ವಿಮಾನ ಬೇಲಿಗೆ ಬಡಿದರೂ ಒಳಗಿರುವವರು ಬದುಕುವ ಸಾಧ್ಯತೆ ಹೆಚ್ಚು. ಎಷ್ಟು ಎತ್ತರದ ಮೇಲೆ ಹಿಂತಿರುಗಬಹುದೆಂಬುದು ನಿಮ್ಮ ವಿಮಾನದಲ್ಲಿ, ಸುರಕ್ಷಿತ ಎತ್ತರದಲ್ಲಿ, ಎಂಜಿನ್ನನ್ನು ಮಂದಗೊಳಿಸಿ ಶಿಕ್ಷಕರೊಂದಿಗೆ ಅಳೆದು ನೋಡಬೇಕಾದ ಸಂಗತಿ. ಆ ಎತ್ತರವನ್ನು ಪ್ರತಿ ಸಲ ರನ್‌ವೇಯ ತುದಿಯಲ್ಲಿ ನಿಂತಾಗ ಬಾಯಿಬಿಟ್ಟು ಹೇಳಿಕೊಳ್ಳಿ.

ಪ್ರಶ್ನೆ: ಇಡೀ ವಿಮಾನವನ್ನೇ ಇಳಿಸುವ ಪ್ಯಾರಾಚೂಟ್ ಅಳವಡಿಸಿದರೆ ಈ ಚಿಂತೆಯೆಲ್ಲ ತಪ್ಪುತ್ತದೆಯೇ?

ಉತ್ತರ: ವಿನ್ಯಾಸ ಅವಕಾಶ ಕೊಟ್ಟರೆ ಅಳವಡಿಸಿ, ಅದು ಜೀವಗಳನ್ನು ಉಳಿಸಿದೆ. ಆದರೆ ಅದು ಬಿಚ್ಚಿಕೊಳ್ಳಲು ಎತ್ತರ ಬೇಕು, ಹಿಂದಿನ ಉತ್ತರದಲ್ಲಿ ಹೇಳಿದ ಸಂದರ್ಭದಲ್ಲಿ ಇಲ್ಲದಿರುವುದು ಅದೇ.

ಪ್ರಶ್ನೆ: ವಾರಕ್ಕೊಮ್ಮೆ ಎಂಜಿನ್ ಚಾಲೂ ಮಾಡಿ ಹತ್ತು ನಿಮಿಷ ಓಡಿಸಿದರೆ, ಹಾರದಿದ್ದರೂ ಅದು ಚೆನ್ನಾಗಿರುತ್ತದೆಯೇ?

ಉತ್ತರ: ಇಲ್ಲ, ಅದರಿಂದ ಕೇಡೇ ಹೆಚ್ಚು. ಇಂಧನ ಉರಿದಾಗ ಹುಟ್ಟುವ ನೀರಿನ ಆವಿ ಎಣ್ಣೆಗೆ ಸೇರುತ್ತದೆ. ಎಣ್ಣೆ ಚೆನ್ನಾಗಿ ಕಾಯ್ದರೆ ಮಾತ್ರ ಅದು ಹೊರಹೋಗುತ್ತದೆ. ನೆಲದ ಮೇಲಿನ ಸಣ್ಣ ಓಟದಲ್ಲಿ ಎಣ್ಣೆ ಅಷ್ಟು ಕಾಯುವುದಿಲ್ಲ, ಒಳಗೆ ತುಕ್ಕು ಹಿಡಿಯುತ್ತದೆ. ಅರ್ಧ ಗಂಟೆಯಾದರೂ ಹಾರಿಸಿ, ಇಲ್ಲವಾದರೆ ಎಂಜಿನ್ನನ್ನು ಮುಟ್ಟದೆ ಬಿಡಿ. ದೀರ್ಘಕಾಲ ನಿಲ್ಲಿಸುವುದಾದರೆ ಅದಕ್ಕೆಂದೇ ತಯಾರಕರು ಹೇಳಿರುವ ಸಂರಕ್ಷಣೆಯ ಕ್ರಮವನ್ನು ಅನುಸರಿಸಿ.

ಪ್ರಶ್ನೆ: ಹವಾಮಾನ ಅಷ್ಟೇನೂ ಚೆನ್ನಾಗಿಲ್ಲದ ಭಾನುವಾರ ಸಂಜೆ ಮನೆಗೆ ಮರಳಲೇಬೇಕಾದ ಒತ್ತಡ ಇದ್ದೇ ಇರುತ್ತದೆ. ನುರಿತವರು ಇದನ್ನು ಹೇಗೆ ನಿಭಾಯಿಸುತ್ತಾರೆ?

ಉತ್ತರ: ವಾರದ ರಜೆಯಲ್ಲಿ ಹಾರುವವರ ನಿಜವಾದ ಶತ್ರು ಈ ಒತ್ತಡವೇ. ಸೋಮವಾರದ ಕೆಲಸ, ಜೊತೆಗೆ ಬಂದವರ ಅವಸರ, ಇಳಿಯಬೇಕಾದ ವಿಮಾನ ಮೈದಾನ ಇನ್ನೇನು ಅರ್ಧ ಗಂಟೆಯ ದೂರದಲ್ಲಿದೆಯೆಂಬ ಸಮಾಧಾನ ಇವೆಲ್ಲ ಸೇರಿ, ಶನಿವಾರ ಬೆಳಿಗ್ಗೆ ಖಂಡಿತ ಹಾರಲೊಲ್ಲದ ಆಕಾಶಕ್ಕೆ ಭಾನುವಾರ ಸಂಜೆ ನಿಮ್ಮನ್ನು ಏರಿಸುತ್ತವೆ. ಕಣ್ಣಿಗೆ ಕಾಣುವ ದಿಗಂತವನ್ನು ನಂಬಿ ಹಾರುವ ಪೈಲಟ್ ಮೋಡದೊಳಗೆ ಹೊಕ್ಕರೆ, ಯಾವುದು ಮೇಲು ಯಾವುದು ಕೆಳಗೆಂಬುದನ್ನು ಒಳಗಿವಿ ತಪ್ಪಾಗಿ ಹೇಳತೊಡಗುತ್ತದೆ. ಉಪಕರಣ ನೋಡಿ ಹಾರುವ ಅಭ್ಯಾಸವಿಲ್ಲದವರು ಕೆಲವೇ ನಿಮಿಷಗಳಲ್ಲಿ ಹತೋಟಿ ಕಳೆದುಕೊಳ್ಳುತ್ತಾರೆ.

ತಂಪಾದ ತೇವದ ಗಾಳಿ ಇನ್ನೊಂದು ಹೊಂಚನ್ನು ಹಾಕಿರುತ್ತದೆ. ಇಂಧನವನ್ನು ಗಾಳಿಯೊಂದಿಗೆ ಬೆರೆಸುವ ಕಾರ್ಬ್ಯುರೇಟರ್‌ನಲ್ಲಿ ಇಂಧನ ಆವಿಯಾಗುವಾಗ ಒಳಗಿನ ಉಷ್ಣತೆ 30 ಡಿಗ್ರಿ ಸೆಲ್ಸಿಯಸ್‌ಗೂ ಹೆಚ್ಚು ಇಳಿಯಬಹುದಾದ್ದರಿಂದ, ಹೊರಗೆ 20 ಡಿಗ್ರಿ ಇರುವ ದಿನವೂ ಅದರೊಳಗೆ ಮಂಜುಗಡ್ಡೆ ಕಟ್ಟಬಲ್ಲದು. ಪ್ರೊಪೆಲರ್‌ನ ಸುತ್ತುಗಳು ಕಾರಣವಿಲ್ಲದೆ ಮೆಲ್ಲನೆ ಇಳಿಯುವುದು ಅದರ ಮೊದಲ ಸೂಚನೆ. ಕಾರ್ಬ್ಯುರೇಟರ್‌ಗೆ ಬಿಸಿಗಾಳಿ ಬಿಡುವ ಹಿಡಿಯನ್ನು ಪೂರ್ತಿ ಎಳೆದಾಗ ಎಂಜಿನ್ ಮೊದಲು ಇನ್ನಷ್ಟು ಒರಟಾಗಿ ಓಡುತ್ತದೆ. ಕರಗಿದ ನೀರು ಒಳಹೋಗುತ್ತಿರುವುದರಿಂದ ಹಾಗಾಗುತ್ತದೆ. ಹೆದರಿ ಹಿಡಿಯನ್ನು ಮರಳಿ ಒಳಗೆ ತಳ್ಳದೆ ಕಾಯಬೇಕು.

ಒತ್ತಡದ ವಿಷಯದಲ್ಲಿ ನುರಿತವರು ಮಾಡುವುದಿಷ್ಟು: ತೀರ್ಮಾನವನ್ನು ಭಾನುವಾರ ಸಂಜೆಗೆ ಬಿಡುವುದಿಲ್ಲ. ಮೋಡದ ಎತ್ತರ, ದೃಷ್ಟಿಯ ದೂರ, ಅಡ್ಡಗಾಳಿಯ ವೇಗ ಇವುಗಳಿಗೆ ತಮ್ಮದೇ ಮಿತಿಗಳನ್ನು ಹೊರಡುವ ಮೊದಲೇ ಕಾಗದದ ಮೇಲೆ ಬರೆದಿಡುತ್ತಾರೆ, ಮರಳುವ ವೇಳೆ ಒಂದನ್ನು ಮೀರಿದರೂ ವಿಮಾನವನ್ನು ಅಲ್ಲಿಯೇ ಕಟ್ಟಿಹಾಕುತ್ತಾರೆ. ಸೋಮವಾರ ರಸ್ತೆಯಲ್ಲಿ ಬರಬೇಕಾಗಬಹುದೆಂದು ಜೊತೆಗಾರರಿಗೆ ಶುಕ್ರವಾರವೇ ತಿಳಿಸಿ, ಒಪ್ಪದವರನ್ನು ಕರೆದೊಯ್ಯುವುದಿಲ್ಲ. ಚೀಲದಲ್ಲಿ ಒಂದು ಜೊತೆ ಬಟ್ಟೆ, ವಿಮಾನದಲ್ಲಿ ನೆಲಕ್ಕೆ ಬಿಗಿಯುವ ಹಗ್ಗ ಮತ್ತು ಗೂಟಗಳು ಯಾವಾಗಲೂ ಇರುತ್ತವೆ.