ಜಾಣಕಿವುಡೋ, ನಿಜಕ್ಕೂ ಕಿವುಡೋ?

ಪ್ರಶ್ನೆ: ನಮ್ಮ ನಾಯಿಗೆ 11 ವರ್ಷ. ಹೆಸರು ಹಿಡಿದು ಕೂಗಿದರೂ ತಿರುಗಿ ನೋಡುವುದಿಲ್ಲ. ಊಟದ ತಟ್ಟೆ ಎತ್ತಿಕೊಂಡರೆ ಮಾತ್ರ ಓಡಿ ಬರುತ್ತದೆ. ಇದು ಜಾಣಕಿವುಡು ಎಂದು ಮನೆಯವರ ವಾದ. ತಿಳಿಯುವುದು ಹೇಗೆ?

ಉತ್ತರ: ತಟ್ಟೆಯ ಸಾಕ್ಷಿಯನ್ನು ನಂಬಬೇಡಿ. ನೀವು ಏಳುವುದು ಅದಕ್ಕೆ ಕಾಣುತ್ತದೆ, ವಾಸನೆ ಮೂಗಿಗೆ ಬಡಿಯುತ್ತದೆ, ಹೆಜ್ಜೆಯ ಅದುರು ನೆಲದಿಂದಲೇ ಗೊತ್ತಾಗುತ್ತದೆ. ಇಷ್ಟಕ್ಕೆ ಕಿವಿಯೇ ಬೇಕಿಲ್ಲ.

ನಾಯಿ ನಿದ್ದೆಯಲ್ಲಿದ್ದಾಗ ಪರೀಕ್ಷಿಸಿ. ಪಕ್ಕದ ಕೋಣೆಯ ಬಾಗಿಲ ಮರೆಯಲ್ಲಿ ನಿಂತು ಮೊದಲು ಬೀಗದ ಕೈ ಗೊಂಚಲು ಅಲುಗಿಸಿ, ಸ್ವಲ್ಪ ಹೊತ್ತು ಬಿಟ್ಟು ದಪ್ಪ ದನಿಯಲ್ಲಿ ಕರೆಯಿರಿ. ಹತ್ತಿರದಲ್ಲಿ ಚಪ್ಪಾಳೆ ತಟ್ಟಿದರೆ ಗಾಳಿ ತಾಗಿ ಎದ್ದೀತು. ಕಾಲು ಬಡಿದರೆ ನೆಲ ಅದುರೀತು. ಕಿವಿ ಅಲುಗಿತೇ, ಕಣ್ಣು ತೆರೆಯಿತೇ ಎಂದು ನೋಡಲು ಒಬ್ಬರು ಮೊದಲೇ ಅಲ್ಲಿ ಕೂತಿರಲಿ. ಎರಡು ಮೂರು ಬಾರಿ ಸಾಕು. ಅದೇ ಸದ್ದು ಮತ್ತೆ ಮತ್ತೆ ಕೇಳಿದರೆ ಕಿವಿ ಚುರುಕಾಗಿರುವ ನಾಯಿಯೂ ಬೇಸತ್ತು ಸುಮ್ಮನಾಗುತ್ತದೆ. ಮರುದಿನ ಇನ್ನೊಮ್ಮೆ ನೋಡಿ.

ವಯಸ್ಸಿನ ಕಿವುಡಿನಲ್ಲಿ ಸಾಮಾನ್ಯವಾಗಿ ಮೊದಲು ಹೋಗುವುದು ಕೀರಲು ಸದ್ದುಗಳು. ಕೀ ಗೊಂಚಲಿಗೆ ಏಳದೆ ದಪ್ಪ ದನಿಗೆ ಎದ್ದರೆ ಅದೇ ಅನುಮಾನ. ಕೀರಲು ದನಿಯಲ್ಲಿ ಕೂಗುವುದನ್ನು ಬಿಡಿ. ಕರೆದಾಗ ಎದ್ದು ಬೇರೆಲ್ಲೋ ಹುಡುಕುವ ನಾಯಿಗೆ ಒಂದೇ ಕಿವಿ ಕೇಳುತ್ತಿರಬಹುದು: ದಿಕ್ಕು ಹಿಡಿಯಲು ಎರಡೂ ಬೇಕು.

ಪ್ರಶ್ನೆ: ಕಿವಿಯಲ್ಲಿ ಗುಗ್ಗೆ ತುಂಬಿದರೂ ಕೇಳದಂತಾಗುತ್ತದೆಯೇ? ಎಣ್ಣೆ ಬಿಡಬಹುದೇ?

ಉತ್ತರ: ಆಗುತ್ತದೆ. ಗುಗ್ಗೆ, ಸೋಂಕು, ಒಳಗೆ ಸಿಕ್ಕಿಕೊಂಡ ಹುಲ್ಲಿನ ಮುಳ್ಳು, ಗಂಟು ಇವು ಸದ್ದಿನ ದಾರಿಯನ್ನು ಮುಚ್ಚುತ್ತವೆ. ತೆಗೆದರೆ ಬಹಳಷ್ಟು ಸಲ ಕಿವಿ ಮರಳುತ್ತದೆ. ಒಳಗಿವಿಯ ನರಕೋಶ ಸತ್ತರೆ ಮರಳುವುದಿಲ್ಲ.

ಎಣ್ಣೆ ಬೇಡ. ಪಶುವೈದ್ಯರು ಕಿವಿಯ ತಮಟೆ ಹರಿದಿಲ್ಲವೆಂದು ನೋಡಿ ಹೇಳುವ ತನಕ ಯಾವ ಹನಿಯನ್ನೂ ಹಾಕಬೇಡಿ, ಮನೆಯಲ್ಲಿ ಉಳಿದ ಹಳೆಯ ಸೀಸೆಯದ್ದಂತೂ ಬೇಡವೇ ಬೇಡ. ಜೆಂಟಾಮೈಸಿನ್, ನಿಯೋಮೈಸಿನ್, ಕ್ಲೋರ್‌ಹೆಕ್ಸಿಡಿನ್‌ನಂಥ ಮದ್ದು ಹರಿದ ತಮಟೆ ದಾಟಿ ಒಳಗಿಳಿದರೆ ಇದ್ದ ಕಿವಿಯೂ ಹೋಗಬಹುದು.

ತಮಟೆ ಸರಿಯಿದ್ದರೆ ನಾಯಿಗೆಂದೇ ಇರುವ ಕಿವಿ ದ್ರಾವಣವನ್ನು ತುಂಬುವಷ್ಟು ಬಿಟ್ಟು, ಕಿವಿಯ ಬುಡವನ್ನು ಸುಮಾರು 30 ಸೆಕೆಂಡ್ ಪಿಚಕ್ ಪಿಚಕ್ ಎನ್ನುವಂತೆ ಹಿಚುಕಿ. ತಲೆ ಕೊಡವಲು ಬಿಡಿ, ಮೇಲೆ ಬಂದದ್ದನ್ನು ಹತ್ತಿಯಲ್ಲಿ ಒರೆಸಿ. ಕಡ್ಡಿ ಹಾಕಬಾರದು. ನಾಯಿಯ ಕಿವಿನಾಳ ಮೊದಲು ಕೆಳಗಿಳಿದು ಆಮೇಲೆ ಒಳಕ್ಕೆ ತಿರುಗುತ್ತದೆ, ಕಡ್ಡಿ ಗುಗ್ಗೆಯನ್ನು ಆ ತಿರುವಿನಾಚೆ ತಳ್ಳುತ್ತದೆ. ಕೆಟ್ಟ ವಾಸನೆ, ನೋವು ಇದ್ದರೆ ಮನೆಯಲ್ಲಿ ತೊಳೆಯಲು ಹೋಗಬೇಡಿ. ಚೊಕ್ಕಟವಾಗಿರುವ ಕಿವಿಯನ್ನೂ ಸುಮ್ಮನೆ ಬಿಡಿ.

ಪ್ರಶ್ನೆ: ಪೂರ್ತಿ ಕಿವುಡಾದ ಮೇಲೆ ಕರೆಯುವುದು ಹೇಗೆ?

ಉತ್ತರ: ಪೂರ್ತಿ ಹೋಗುವ ತನಕ ಕಾಯಬೇಡಿ. ಸ್ವಲ್ಪ ಕೇಳುವಾಗಲೇ ಪ್ರತಿ ಮಾತಿಗೂ ಒಂದು ಸನ್ನೆ ಜೋಡಿಸಿ: ಮೊದಲು ಸನ್ನೆ, ಹಿಂದೆಯೇ ಮಾತು, ಆಮೇಲೆ ತಿನಿಸು. ಕೆಲವು ವಾರಗಳಲ್ಲಿ ಮಾತನ್ನು ಕೈಬಿಡಬಹುದು. ‘ಬಾ’ಗೆ ದೂರದಿಂದಲೂ ಕಾಣುವಂತೆ ಇಡೀ ತೋಳು ಬೀಸಿ, ‘ಶಭಾಷ್’ಗೆ ಹೆಬ್ಬೆರಳು ಎತ್ತಿ. ಮನೆಯವರೆಲ್ಲರ ಸನ್ನೆಯೂ ಒಂದೇ ಆಗಿರಬೇಕು, ಹೆಚ್ಚಿನ ಕಡೆ ಕೆಡುವುದು ಇಲ್ಲೇ. ಕತ್ತಲಲ್ಲಿ ದೀಪ ಒಮ್ಮೆ ಆರಿಸಿ ಹಚ್ಚುವುದನ್ನು ಕರೆಯಾಗಿ ಕಲಿಸಬಹುದು. ಅದುರುವ ಕೊರಳಪಟ್ಟಿಯೂ ಆದೀತು. ಶಾಕ್ ಕೊಡುವಂಥದ್ದು ಬೇಡ. ಮಲಗಿದ್ದಾಗ ಥಟ್ಟನೆ ಮುಟ್ಟಿದರೆ ಬೆಚ್ಚಿ ಕಚ್ಚೀತು. ಮೂಗಿನ ಮುಂದೆ ಕೈ ಹಿಡಿಯಿರಿ, ವಾಸನೆಗೆ ತಾನಾಗಿ ಎಚ್ಚರವಾಗುತ್ತದೆ. ಹೊರಗೆ ಹಗ್ಗ ಬಿಚ್ಚಬೇಡಿ, ಹಿಂದಿನಿಂದ ಬರುವ ವಾಹನ ಅದಕ್ಕೆ ಕೇಳದು.

ಪ್ರಶ್ನೆ: ಡಾಲ್ಮೇಷನ್ ಮರಿ ತರಬೇಕೆಂದಿದ್ದೇವೆ. ಹುಟ್ಟುಕಿವುಡು ಇದೆಯೇ ಎಂದು ಮೊದಲೇ ತಿಳಿಯಬಹುದೇ?

ಉತ್ತರ: ಆ ತಳಿಯಲ್ಲಿ ಅದು ಹೆಚ್ಚು. ಬಿಳಿ ಬಣ್ಣದ ಗುಣದಿಂದಾಗಿ ಒಳಗಿವಿಯಲ್ಲಿ ಬಣ್ಣದ ಕೋಶಗಳಿಲ್ಲದಿದ್ದರೆ ಅಲ್ಲಿನ ರಕ್ತನಾಳಗಳ ಪದರ ಸೊರಗಿ, ಹುಟ್ಟಿದ ಮೊದಲ ಕೆಲವು ವಾರಗಳಲ್ಲೇ ನರಕೋಶಗಳು ಸಾಯುತ್ತವೆ. ಹಾಗಾಗಿ 5 ವಾರ ದಾಟಿದ ಮೇಲೆ ‘ಬೇರ್’ (BAER) ಎಂಬ ಕಿವಿ ಪರೀಕ್ಷೆ ಮಾಡಿಸಿ. ನೆತ್ತಿ ಮತ್ತು ಕಿವಿಯ ಬಳಿ ಚರ್ಮದಡಿ ಸಣ್ಣ ಸೂಜಿಗಳನ್ನಿಟ್ಟು, ಕಿವಿಗೆ ಟಿಕ್ ಟಿಕ್ ಸದ್ದು ಕೊಟ್ಟು, ಮಿದುಳಿನ ವಿದ್ಯುತ್ ಅಲೆಗಳನ್ನು ದಾಖಲಿಸುತ್ತಾರೆ. ಒಂದೇ ಕಿವಿಯ ಕಿವುಡನ್ನು ಖಚಿತವಾಗಿ ಹಿಡಿಯುವುದು ಇದು ಮಾತ್ರ. ಅಂಥ ಮರಿಯನ್ನು ಸಾಕಲು ತೊಂದರೆಯಿಲ್ಲ, ಮರಿ ಹಾಕಿಸಲು ಮಾತ್ರ ಬೇಡ.