ಮುಳುಗುವ ಮೊದಲು ಜೋರಾಗಿ ಉಸಿರಾಡಿದರೆ ನೀರಿನಡಿ ಹೆಚ್ಚು ಹೊತ್ತು ಇರಬಹುದೇ? ಹಾಗೆ ಮಾಡಿದಾಗ ಹೆಚ್ಚು ಹೊತ್ತು ಇರಲು ಆಗಿದೆ, ಜೋರಾಗಿ ಉಸಿರಾಡಿದಷ್ಟೂ ಶ್ವಾಸಕೋಶದಲ್ಲಿ ಆಮ್ಲಜನಕ ತುಂಬಿಕೊಳ್ಳುತ್ತದೆ ಅಲ್ಲವೇ? ಎಷ್ಟು ಸಲ ಉಸಿರಾಡಬೇಕು, ಇಪ್ಪತ್ತು ಸಲವೋ ಮೂವತ್ತು ಸಲವೋ? ಶ್ವಾಸಕೋಶ ದೊಡ್ಡದಾಗಿಸುವುದು ಹೇಗೆ?

ಹೆಚ್ಚು ಹೊತ್ತು ಇರಬಹುದು, ನಿಮ್ಮ ಅನುಭವ ಸುಳ್ಳಲ್ಲ. ಆದರೆ ಇಪ್ಪತ್ತು ಸಲವೋ ಮೂವತ್ತು ಸಲವೋ ಎಂದು ಕೇಳಿದ್ದೀರಲ್ಲ, ಒಂದು ಸಲವೂ ಬೇಡ. ಕಾಲೇಜಿನ ದಿನಗಳಲ್ಲಿ ನಾನೂ ಇದನ್ನೇ ಮಾಡುತ್ತಿದ್ದೆ. ಜೋರಾಗಿ ಉಸಿರಾಡಿದಷ್ಟೂ ಶ್ವಾಸಕೋಶದಲ್ಲಿ ಆಮ್ಲಜನಕ ತುಂಬಿಕೊಳ್ಳುತ್ತದೆ ಎಂದು ನೀವು ಬರೆದಿರುವುದನ್ನೇ ನಂಬಿದ್ದೆ.

ಒಂದೇ ಉಸಿರಿಗೆ ಈಜುಕೊಳದ ಆ ತುದಿ ಮುಟ್ಟಿ, ನೀರಿನೊಳಗೇ ತಿರುಗಿ ವಾಪಸ್ ಬರಬೇಕು ಎನ್ನುವುದು ನಮ್ಮ ಗುಂಪಿನ ಹಟವಾಗಿತ್ತು. ಅಂಚಿನಲ್ಲಿ ನಿಂತು ತಲೆ ಹಗುರಾಗುವವರೆಗೂ ಉಸಿರಾಡುತ್ತಿದ್ದೆ. ಬೆರಳ ತುದಿ ಜುಮುಗುಡುತ್ತಿತ್ತು. ಆಮ್ಲಜನಕ ಭರ್ತಿಯಾಗಿದೆ ಎನ್ನುವುದಕ್ಕೆ ಅದೇ ಗುರುತು ಅಂದುಕೊಂಡಿದ್ದೆ. ನಾನು ಮಾಡಿದ ತಪ್ಪು ಅದೊಂದೇ, ಉಳಿದದ್ದೆಲ್ಲ ಅದರಿಂದಲೇ ಆಯಿತು. ಆ ದಿನ ಗೋಡೆ ಮುಟ್ಟಿ ತಿರುಗಿದಾಗ ಉಸಿರು ಬೇಕು ಎಂದೇ ಅನ್ನಿಸಲಿಲ್ಲ. ಖುಷಿಯಾಯಿತು. ಆಮೇಲೆ ನೆನಪಿರುವುದು ಕೊಳದ ಅಂಚಿನಲ್ಲಿ ಮಗ್ಗುಲಾಗಿ ಮಲಗಿ ಕೆಮ್ಮುತ್ತಿದ್ದದ್ದು. ನಡುವೆ ಏನೂ ಇಲ್ಲ. ಚಡಪಡಿಕೆ ಇಲ್ಲ, ಕಣ್ಣು ಕತ್ತಲೆ ಬಂದದ್ದೂ ಇಲ್ಲ. ಕಾವಲಿಗಿದ್ದವರು ನನ್ನ ಕೈಕಾಲು ಆಡುವುದು ನಿಂತದ್ದನ್ನು ನೋಡಿ ಹಾರಿದ್ದರಿಂದ ಬದುಕಿದ್ದೇನೆ.

ಆಗಿದ್ದೇನು ಎನ್ನುವುದನ್ನು ವಿವರವಾಗಿ ಹೇಳಬೇಕು. ಇದು ಅರ್ಥವಾಗದೆ ಬರೀ ‘ಬೇಡ’ ಅಂದರೆ ನೀವು ಕೇಳುವುದಿಲ್ಲ, ನಾನೂ ಕೇಳಿರಲಿಲ್ಲ.

ಆರಾಮವಾಗಿ ಕೂತಿರುವಾಗ ಒಂದು ಉಸಿರಿಗೆ ಸುಮಾರು 500 ಮಿಲಿಲೀಟರ್ ಗಾಳಿ ಒಳಗೆ ಬರುತ್ತದೆ. ಅದರಲ್ಲಿ 150ರಷ್ಟು ಮೂಗು, ಗಂಟಲು, ಶ್ವಾಸನಾಳ ಮತ್ತು ಅದರ ಕವಲುಗಳಲ್ಲೇ ಉಳಿದು ಹಾಗೇ ಹೊರಗೆ ಹೋಗುತ್ತದೆ. ಉಳಿದದ್ದು ಕವಲೊಡೆಯುತ್ತಾ ಸಣ್ಣದಾಗುವ ನಾಳಗಳ ಕೊನೆಯಲ್ಲಿರುವ ಗಾಳಿಗೂಡುಗಳನ್ನು ಸೇರುತ್ತದೆ. ಎರಡೂ ಶ್ವಾಸಕೋಶ ಸೇರಿ ಇಂಥವು 30 ಕೋಟಿಗೂ ಹೆಚ್ಚು. ಎಲ್ಲವನ್ನೂ ಬಿಡಿಸಿ ಹಾಸಿದರೆ ಸುಮಾರು 70 ಚದರ ಮೀಟರ್. ಗೂಡಿಗೂ ರಕ್ತನಾಳಕ್ಕೂ ನಡುವಿನ ಗೋಡೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗವಾದ ಒಂದು ಮೈಕ್ರಾನ್‌ಗಿಂತ ತೆಳು. ಹಾಗಾಗಿ ರಕ್ತ ಅಲ್ಲಿಂದ ಹಾದುಹೋಗುವ ಆ ಒಂದು ಗಳಿಗೆಯಲ್ಲೇ ಆಮ್ಲಜನಕವನ್ನು ಹೊರುವ ಹಿಮೋಗ್ಲೋಬಿನ್ ತುಂಬಿಬಿಡುತ್ತದೆ. ಆರೋಗ್ಯವಂತರಲ್ಲಿ ಸುಮ್ಮನೆ ಕೂತಾಗಲೇ ಅದು ಶೇ 95ಕ್ಕಿಂತ ಹೆಚ್ಚು ತುಂಬಿರುತ್ತದೆ. ಇನ್ನು ಜೋರಾಗಿ ಉಸಿರಾಡಿ ಎಲ್ಲಿ ತುಂಬುತ್ತೀರಿ? ಗೂಡುಗಳ ಗಾಳಿಯಲ್ಲಿ ಆಮ್ಲಜನಕ ತುಸು ಏರಬಹುದು, ಅಷ್ಟೇ.

ನಿಜವಾಗಿ ಬದಲಾಗುವುದು ಇಂಗಾಲದ ಡೈಆಕ್ಸೈಡ್. ಅದು ರಕ್ತದಿಂದ ಸಲೀಸಾಗಿ ಹೊರಬೀಳುತ್ತದೆ. ಧಮನಿಯ ರಕ್ತದಲ್ಲಿ ಅದರ ಒತ್ತಡ ಸಾಮಾನ್ಯವಾಗಿ ಪಾದರಸದ 40 ಮಿಲಿಮೀಟರ್. ರಭಸವಾಗಿ ಉಸಿರಾಡಿದರೆ ಸ್ವಲ್ಪ ಹೊತ್ತಿಗೇ 20ರ ಹತ್ತಿರಕ್ಕೂ ಇಳಿಯಬಹುದು. ನಮಗೆ ‘ಉಸಿರು ಬೇಕು’ ಅನ್ನಿಸುವುದು ಮುಖ್ಯವಾಗಿ ಈ ಅನಿಲ ಏರಿದಾಗ, ಆಮ್ಲಜನಕ ಇಳಿದಾಗಲ್ಲ. ಬ್ರಿಟನ್ನಿನ ವಿಜ್ಞಾನಿಗಳಾದ ಹಾಲ್ಡೇನ್ ಮತ್ತು ಪ್ರೀಸ್ಟ್ಲಿ ಇದನ್ನು 1905ರಲ್ಲೇ ತೋರಿಸಿದ್ದರು. ಮೆದುಳಿನ ಬುಡದಲ್ಲಿರುವ ಮೆಡುಲ್ಲಾ ತನ್ನ ಸುತ್ತಲಿನ ದ್ರವದ ಆಮ್ಲೀಯತೆಯನ್ನು ಗಮನಿಸುತ್ತಿರುತ್ತದೆ. ಇಂಗಾಲದ ಡೈಆಕ್ಸೈಡ್ ಹೆಚ್ಚಿದರೆ ಆಮ್ಲೀಯತೆ ಹೆಚ್ಚುತ್ತದೆ, ಕೂಡಲೇ ಎದೆಗೂ ಹೊಟ್ಟೆಗೂ ನಡುವಿನ ಉಸಿರಾಟದ ಸ್ನಾಯುವಾದ ವಪೆಗೆ ಆಜ್ಞೆ ಹೋಗುತ್ತದೆ. ಕತ್ತಿನ ಧಮನಿಯ ಬಳಿ ಆಮ್ಲಜನಕವನ್ನು ಗಮನಿಸುವ ಪುಟ್ಟ ಅಂಗಗಳೂ ಇವೆ, ಆದರೆ ಆಮ್ಲಜನಕ ಸಾಕಷ್ಟು ಕುಸಿದ ಮೇಲೆಯೇ ಅವು ಜೋರು ಮಾಡುತ್ತವೆ.

ಅಂದರೆ ನಾನು ಅಂಚಿನಲ್ಲಿ ನಿಂತು ಮಾಡುತ್ತಿದ್ದದ್ದು ಬೆಂಕಿ ಬಿದ್ದಾಗ ಬಡಿಯಬೇಕಾದ ಗಂಟೆಯ ನಾಲಿಗೆಯನ್ನು ಮೊದಲೇ ಬಿಚ್ಚಿಡುವ ಕೆಲಸ. ನೀರಿನಡಿ ಕಾಲು ಬಡಿಯುವಾಗ ಸ್ನಾಯುಗಳು ಆಮ್ಲಜನಕವನ್ನು ಒಂದೇ ಸಮನೆ ಖರ್ಚು ಮಾಡುತ್ತಿದ್ದವು. ಇಂಗಾಲದ ಡೈಆಕ್ಸೈಡ್ ತೀರಾ ಕೆಳಗಿನಿಂದ ಏರಬೇಕಾಗಿದ್ದರಿಂದ ಎಚ್ಚರಿಕೆಯ ಮಟ್ಟ ಮುಟ್ಟಲೇ ಇಲ್ಲ. ಅಷ್ಟರಲ್ಲಿ ಮೆದುಳಿಗೆ ಆಮ್ಲಜನಕ ಸಾಲದೆ ಪ್ರಜ್ಞೆ ಹೋಯಿತು. ನಾನು ನಂಬಿದ್ದ ಆ ಜುಮು, ತಲೆ ಹಗುರಾಗುವುದು? ಇಂಗಾಲದ ಡೈಆಕ್ಸೈಡ್ ಕಡಿಮೆಯಾದಾಗ ರಕ್ತದ ಆಮ್ಲೀಯತೆ ತಗ್ಗಿ ನರಗಳು ಕೆರಳುತ್ತವೆ, ಬೆರಳು ಜುಮುಗುಡುವುದು ಅದರಿಂದ. ಜೊತೆಗೆ ಮೆದುಳಿನ ರಕ್ತನಾಳಗಳು ಕಿರಿದಾಗಿ ಮೆದುಳಿಗೆ ಹೋಗುವ ರಕ್ತವೇ ತಗ್ಗುತ್ತದೆ, ತಲೆ ಹಗುರಾಗುವುದು ಅದರಿಂದ. ನಾನು ಭರ್ತಿಯ ಗುರುತು ಅಂದುಕೊಂಡಿದ್ದು ಕೊರತೆಯ ಗುರುತಾಗಿತ್ತು.

ಬದುಕಿದ ಮೇಲೂ ಅಲ್ಲಿಗೇ ಮುಗಿಯಲಿಲ್ಲ. ಗಾಳಿಗೂಡುಗಳ ಒಳಗೋಡೆಗೆ ಜಿಡ್ಡಿನಂಥ ತೆಳು ಲೇಪವೊಂದಿದೆ. ಉಸಿರು ಬಿಟ್ಟಾಗ ಗೂಡುಗಳು ಮುದುಡಿ ಅಂಟಿಕೊಳ್ಳದಂತೆ ಕಾಯುವುದು ಅದೇ. ನೀರು ಒಳಗೆ ಹೋದರೆ ಅದು ಕೆಡುತ್ತದೆ. ಆಸ್ಪತ್ರೆಯಲ್ಲಿ ಮೂಗಿಗೆ ಆಮ್ಲಜನಕದ ನಳಿಕೆ ಹಾಕಿಕೊಂಡು ಮಲಗಿದಾಗ ಪ್ರತಿ ಉಸಿರನ್ನೂ ಎಳೆದು ತರಬೇಕಾಗಿತ್ತು. ಆ ವರ್ಷದ ಸ್ಪರ್ಧೆಗಳು ಹೋದವು. ನೀರಿಗೆ ತಲೆ ಹಾಕುವ ಧೈರ್ಯ ಬರಲು ಇನ್ನೂ ಬಹಳ ಕಾಲ ಹಿಡಿಯಿತು.

‘ಶ್ವಾಸಕೋಶ ದೊಡ್ಡದಾಗಿಸುವುದು ಹೇಗೆ’ ಎಂದೂ ಕೇಳಿದ್ದೀರಿ. ಆ ಆಸೆ ಬಿಡಿ. ಶ್ವಾಸಕೋಶಕ್ಕೆ ತನ್ನನ್ನು ಹಿಗ್ಗಿಸಿಕೊಳ್ಳುವ ಸ್ನಾಯುವೇ ಇಲ್ಲ. ವಪೆ ಕೆಳಗಿಳಿದು, ಪಕ್ಕೆಲುಬುಗಳು ಮೇಲೆದ್ದು ಎದೆಗೂಡು ಹಿಗ್ಗಿದಾಗ ಅದೂ ಹಿಗ್ಗುತ್ತದೆ. ಅದರ ಗಾತ್ರವನ್ನು ಬಹುಮಟ್ಟಿಗೆ ನಿಮ್ಮ ಎತ್ತರ, ವಯಸ್ಸು, ಮೈಕಟ್ಟು ನಿರ್ಧರಿಸಿವೆ. ಅಭ್ಯಾಸದಿಂದ ಉಸಿರಾಟದ ಸ್ನಾಯುಗಳು ಬಲಿಯುತ್ತವೆ, ಹೃದಯ ಮತ್ತು ಕಾಲಿನ ಸ್ನಾಯುಗಳು ಆಮ್ಲಜನಕವನ್ನು ಚೆನ್ನಾಗಿ ಬಳಸಲು ಕಲಿಯುತ್ತವೆ. ಅದಕ್ಕೆ ನೀರಿನ ಮೇಲೆ, ಉಸಿರಾಡುತ್ತಲೇ ಈಜಬೇಕು. ಮುಖ ನೀರಿನಲ್ಲಿದ್ದಾಗ ಪೂರ್ತಿ ಉಸಿರು ಬಿಡಿ. ಹೊಸಬರಿಗೆ ಬೇಗ ಏದುಸಿರು ಬರುವುದು ಬಹಳ ಸಲ ಅದನ್ನು ಬಿಡದೇ ಇರುವುದರಿಂದ.

ಇಷ್ಟರ ಮೇಲೂ ಮುಳುಗಿಯೇ ತೀರುತ್ತೇನೆ ಅಂದರೆ, ಸಹಜವಾಗಿ ಉಸಿರಾಡಿ ಒಂದೇ ಒಂದು ನೆಮ್ಮದಿಯ ಉಸಿರು ತೆಗೆದುಕೊಂಡು ಇಳಿಯಿರಿ, ಉಸಿರು ಬೇಕು ಅನ್ನಿಸಿದ ಕೂಡಲೇ ಮೇಲೆ ಬನ್ನಿ. ನಿಮ್ಮನ್ನೇ ನೋಡುತ್ತಿರುವ, ಎಳೆದು ತರಬಲ್ಲ ಒಬ್ಬರು ಪಕ್ಕದಲ್ಲಿರಲೇಬೇಕು, ಮತ್ತು ಅವರು ಅದೇ ಹೊತ್ತಿಗೆ ಮುಳುಗುತ್ತಿರಬಾರದು. ಅಂಚಿನಲ್ಲಿ ನಿಂತಾಗಲೇ ಬೆರಳು ಜುಮುಗುಟ್ಟಿದರೆ ನೀರಿಗಿಳಿಯಬೇಡಿ. ಕೂತು ಮಾಮೂಲಿ ಉಸಿರಾಡಿ, ಆ ಸರದಿ ಬಿಟ್ಟುಬಿಡಿ.