ಎಳೆಯರ ಆತ್ಮಹತ್ಯೆ: ಅಂಕಿಗಳನ್ನು ಹೇಗೆ ಓದಬೇಕು?

ಪ್ರಶ್ನೆ: ಎಸ್ಸೆಸ್ಸೆಲ್ಸಿ ಫಲಿತಾಂಶದ ಮರುದಿನ ಪತ್ರಿಕೆಗಳಲ್ಲಿ ಬರುವ ಸುದ್ದಿಗಳನ್ನು ನೋಡಿದರೆ ಮಕ್ಕಳ ಆತ್ಮಹತ್ಯೆ ವರ್ಷದಿಂದ ವರ್ಷಕ್ಕೆ ಏರುತ್ತಿದೆ ಅನ್ನಿಸುತ್ತದೆ. ಇದು ನಿಜವೇ? ಪರೀಕ್ಷೆಯೇ ಕಾರಣವೇ?
– ಹೈಸ್ಕೂಲ್ ಶಿಕ್ಷಕಿ, ವಿರಾಜಪೇಟೆ

ಉತ್ತರ: ದೀರ್ಘಾವಧಿಯಲ್ಲಿ ಏರಿಕೆ ಕಂಡಿರುವುದು ನಿಜ, ಆದರೆ ಅದು ನೇರ ಗೆರೆಯಲ್ಲ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಪ್ರಕಾರ ದೇಶದಲ್ಲಿ 2012ರಲ್ಲಿ 6,654 ವಿದ್ಯಾರ್ಥಿಗಳು ಆತ್ಮಹತ್ಯೆ ಮಾಡಿಕೊಂಡಿದ್ದರೆ, 2022ರಲ್ಲಿ ಆ ಸಂಖ್ಯೆ 13,044 ಆಯಿತು. ಇದರಲ್ಲಿ ಕಾಲೇಜಿನವರೂ ಸೇರಿದ್ದಾರೆ. 18 ವರ್ಷದೊಳಗಿನವರನ್ನಷ್ಟೇ ತೆಗೆದುಕೊಂಡರೆ 2019ರಲ್ಲಿ 9,613, ಕೋವಿಡ್ ಬಂದ 2020ರಲ್ಲಿ 11,396, ನಂತರ ಕ್ರಮವಾಗಿ 10,732 ಮತ್ತು 10,204. ಹಿಂದಿನ ವರದಿಗಳಲ್ಲಿ 14 ವರ್ಷದವರೆಗಿನ ಮಕ್ಕಳ ಲೆಕ್ಕ ಬೇರೆಯಾಗಿ ಸಿಗುತ್ತಿತ್ತು. ಈಗಿನ ಮುಖ್ಯ ಕೋಷ್ಟಕಗಳು 18ರೊಳಗಿನವರನ್ನೆಲ್ಲ ಒಂದೇ ಗುಂಪಿಗೆ ಸೇರಿಸುವುದರಿಂದ ನೀವು ಕೇಳುವ ಎಳೆಯರ ಪ್ರವೃತ್ತಿ ಅಲ್ಲಿ ಕಾಣುವುದೇ ಇಲ್ಲ. ಅಮೆರಿಕದಲ್ಲಿ ಅದು ಸ್ಪಷ್ಟವಾಗಿದೆ: 10ರಿಂದ 14 ವಯಸ್ಸಿನವರಲ್ಲಿ 2007ರಲ್ಲಿ ಲಕ್ಷಕ್ಕೆ 0.9 ಇದ್ದ ಪ್ರಮಾಣ 2018ಕ್ಕೆ 2.9 ಆಗಿ, ಬಳಿಕ ಕೆಲವು ವರ್ಷ ಹೆಚ್ಚು ಬದಲಾಗಲಿಲ್ಲ.

ಕೊಡಗಿನ ವಿಷಯದಲ್ಲಿ ಇನ್ನಷ್ಟು ಎಚ್ಚರ ಬೇಕು. ಐದೂವರೆ ಲಕ್ಷ ಜನಸಂಖ್ಯೆಯ ಜಿಲ್ಲೆಯಲ್ಲಿ ಒಂದೆರಡು ಸಾವುಗಳ ವ್ಯತ್ಯಾಸವೂ ಶೇಕಡಾವಾರಿನಲ್ಲಿ ಭಾರೀ ಏರಿಕೆಯಂತೆ ತೋರುತ್ತದೆ.

ಪರೀಕ್ಷೆಯ ಮೇಲೆಯೇ ಎಲ್ಲ ಹೊರೆ ಹೊರಿಸುವುದನ್ನು ನಾನು ಒಪ್ಪುವುದಿಲ್ಲ. 2021ರ 10,732 ಸಾವುಗಳಲ್ಲಿ ಪರೀಕ್ಷೆಯಲ್ಲಿ ಅನುತ್ತೀರ್ಣತೆ ಎಂದು ದಾಖಲಾದವು 864; ಕೌಟುಂಬಿಕ ಸಮಸ್ಯೆಯೇ ಮೊದಲ ಸ್ಥಾನದಲ್ಲಿತ್ತು. ಪೊಲೀಸರು ಬರೆದುಕೊಳ್ಳುವ ಆ ಒಂದು ಕಾರಣದ ಹಿಂದೆ ಖಿನ್ನತೆ, ಮನೆಯ ಕುಡಿತ, ಹೊಡೆತ, ಅವಮಾನ ಹೆಣೆದುಕೊಂಡಿರಬಹುದು. ತೋಟ ಕಾರ್ಮಿಕರ ಲೈನ್‌ಮನೆಯ ಮಗುವಿಗೂ ಹಾಸ್ಟೆಲಿನಲ್ಲಿರುವ ಬೆಳೆಗಾರರ ಮಗುವಿಗೂ ಈ ಕಷ್ಟ ಒಂದೇ ರೂಪದಲ್ಲಿ ಬರುವುದಿಲ್ಲ. (ಎಸ್ಸೆಸ್ಸೆಲ್ಸಿಗೆ ಈಗ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳಿವೆ ಎಂಬುದನ್ನು ಫಲಿತಾಂಶಕ್ಕೆ ಮೊದಲೇ ತರಗತಿಯಲ್ಲಿ ಹೇಳಿಬಿಡಿ.)

ಮಗು ಏಕಾಏಕಿ ಮಂಕಾದರೆ, ಪ್ರೀತಿಯ ವಸ್ತುಗಳನ್ನು ಹಂಚತೊಡಗಿದರೆ, ತಾನು ಇರಬಾರದಿತ್ತು ಎಂದರೆ, ‘ಸಾಯಬೇಕು ಅನ್ನಿಸುತ್ತಿದೆಯೇ?’ ಎಂದು ನೇರವಾಗಿಯೇ ಕೇಳಿ. ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ. ಹೌದೆಂದರೆ ಒಂಟಿಯಾಗಿ ಬಿಡದೆ ಪೋಷಕರನ್ನು ಕರೆಸಿ, ಮನೆಯ ಕೋವಿಯೂ ತೋಟಕ್ಕೆ ಸಿಂಪಡಿಸುವ ಕೀಟನಾಶಕಗಳೂ ಬೀಗದೊಳಗಿರಲಿ ಎಂದು ತಿಳಿಸಿ, ಅಂದೇ ಮಡಿಕೇರಿಯ ವೈದ್ಯಕೀಯ ಕಾಲೇಜು ಆಸ್ಪತ್ರೆಗೆ ಅಥವಾ ಹತ್ತಿರದ ವೈದ್ಯರಲ್ಲಿಗೆ ಕರೆದೊಯ್ಯಿರಿ. ಮಾನಸಿಕ ಆರೋಗ್ಯದ ಟೆಲಿ ಮನಸ್ ಸಹಾಯವಾಣಿ 14416 ದಿನವಿಡೀ ಉಚಿತವಾಗಿದ್ದು, ಕನ್ನಡದಲ್ಲಿ ಮಾತನಾಡಬಹುದು. ಮಕ್ಕಳ ಸಹಾಯವಾಣಿ 1098. ಮಗುವಿನ ಪರವಾಗಿ ನೀವೂ ಕರೆ ಮಾಡಬಹುದು.